ಮಾಳಿಗೆಯ ಮೇಲಿನ ಮಣ್ಣು

ಮುಂಗಾರಿಗೆ ಮೊದಲು ಮಣ್ಣಿನ ಮಾಳಿಗೆ ಸೋರದಂತೆ ಅದರ ಮೇಲೆ ಸವಳು ಮಣ್ಣು ಹಾಕಿ ತುಳಿಯುವುದಕ್ಕೆ ಸರಕಾರದ ಅಪ್ಪಣೆ ಬೇಕೆಂದು ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲ. ಪಾಪ, ಗೊತ್ತಿಲ್ಲದೆ ನೆಮ್ಮದಿಯಾಗಿ ಬದುಕಿ ಹೋದರು. ನನಗೆ ಮಾತು ಕಲಿಸಿದ ದೊಡ್ಡವ್ವ ಮಾತ್ರ ಎಪ್ಪತ್ತು ದಾಟಿದ ಮೇಲೆ ಅದನ್ನು ಕಲಿಯಬೇಕಾಯಿತು.

ಬಾದಾಮಿ ಸೀಮೆಯ ನಮ್ಮೂರಲ್ಲಿ ಅವಳ ಮನೆಯ ಬೆನ್ನಿಗೇ ಹಳೆಯ ಕಲ್ಲುಗುಡಿ. ಗುಡಿ ಸಂರಕ್ಷಿತ ಸ್ಮಾರಕ. ಅದರ ಸುತ್ತ ಏನು ಕಟ್ಟಿದರೂ ಪರವಾನಗಿ ಬೇಕು. ಹೋದ ವರ್ಷ ಬೇಸಿಗೆಯಲ್ಲಿ ದೊಡ್ಡವ್ವ ಅಂಗಳದಲ್ಲಿ ಮಣ್ಣು ಗುಡ್ಡೆ ಹಾಕಿಸಿದಳು. ಮರುದಿನವೇ ಪುರಾತತ್ವ ಇಲಾಖೆಯ ನೋಟಿಸು: ಅಕ್ರಮ ಕಟ್ಟಡ ಕಾಮಗಾರಿ ನಿಲ್ಲಿಸತಕ್ಕದ್ದು. ನಸುಕಿನಲ್ಲೆದ್ದು ನಾಲ್ಕು ಬುಟ್ಟಿ ಚೆಲ್ಲಿದರೆ ಮುಗಿಯಿತು, ಯಾರು ನೋಡುತ್ತಾರೆ ಅಂದಳು. ತಡೆದವನು ನಾನು. ಕಾನೂನಿದೆ, ಕೋರ್ಟಿದೆ, ರೀತಿಯಿಂದ ಹೋಗೋಣ ಎಂದೆ. ಆ ಮಾತು ನೆನೆದರೆ ಈಗಲೂ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ಕೋರ್ಟಿಗೆ ಹೋದೆವು. ಮೊದಲ ತಾರೀಕಿಗೆ ಸರಕಾರಿ ವಕೀಲರು ಕಾಲಾವಕಾಶ ಕೇಳಿದರು. ಎರಡನೆಯದಕ್ಕೆ ಕಡತ ಬಂದಿರಲಿಲ್ಲ. ಮೂರನೆಯದಕ್ಕೆ ನ್ಯಾಯಾಧೀಶ ಸಾಹೇಬರು ರಜೆ. ದೊಡ್ಡವ್ವ ಪ್ರತಿ ಸಲ ರೊಟ್ಟಿಯ ಗಂಟು ಹಿಡಿದು ಬಸ್ಸಿಳಿದು, ಕೋರ್ಟಿನ ಕಟ್ಟೆಯ ಮೇಲೆ ಕೂತು ಮೋಡ ನೋಡುತ್ತಿದ್ದಳು. ಕೇಳಿದವರಿಗೆಲ್ಲ ಅವಕಾಶ ಸಿಕ್ಕಿತು. ಮಳೆ ಮಾತ್ರ ಯಾರನ್ನೂ ಕೇಳದೆ ಬಂತು. ಒಂದು ವಾರ ಸೋರಿದ ಅಡುಗೆಮನೆಯ ಜಂತಿ ಮುರಿದು, ಮಾಳಿಗೆ ಇಡಿಯಾಗಿ ಒಲೆಯ ಮೇಲೆ ಕುಸಿಯಿತು. ಅವಳು ಹಿತ್ತಲಲ್ಲಿದ್ದಳು, ಉಳಿದಳು.

ಕೋರ್ಟಿನ ಆದೇಶ ಬಂದದ್ದು ಚಳಿಗಾಲದಲ್ಲಿ. ಇರುವ ಮಾಳಿಗೆಯ ವಾಡಿಕೆಯ ದುರಸ್ತಿಗೆ ಯಾರೂ ಅಡ್ಡಿಪಡಿಸಬಾರದು. ಗೆದ್ದೆವೆಂದು ಪೇಢೆ ಹಂಚಿದೆ, ನನ್ನ ಬುದ್ಧಿಗಿಷ್ಟು. ದೊಡ್ಡವ್ವನನ್ನೂ ಕರೆದುಕೊಂಡು ಇಲಾಖೆಯ ಕಚೇರಿಗೆ ಹೋದೆ. ಅಧಿಕಾರಿ ಒಳ್ಳೆಯ ಹುಡುಗ. ಅವಳಿಗೆ ಕುರ್ಚಿ ಹಾಕಿಸಿದ, ಚಹಾ ತರಿಸಿದ, ಆದೇಶವನ್ನು ಎರಡು ಸಲ ಓದಿದ.

"ಅಮ್ಮಾರ, ಇದು ಇದ್ದ ಮಾಳಿಗಿಗೆ ಐತ್ರಿ. ನಿಮ್ಮ ಅಡಗಿಮನಿಗೆ ಮಾಳಿಗಿನ ಇಲ್ಲ. ಈಗ ಹಾಕಿದ್ರ ಹೊಸಾ ಕಟ್ಟಡ ಆಗ್ತೈತಿ. ಅದಕ್ಕ ಬ್ಯಾರೆ ಅರ್ಜಿ ಕೊಡ್ರಿ."

ನಾನು ಆದೇಶದ ಪ್ರತಿಯನ್ನು ಮಡಚಿ ಕಿಸೆಗಿಟ್ಟೆ. ದೊಡ್ಡವ್ವ ಅವನನ್ನೇ ನೋಡಿ ಅಂದಳು:

"ಗುಡಿಯಾಗಿನ ಮೂಗು ಹೋದ ಕಲ್ಲಿಗೆ ಕಾವಲು ಇಟ್ಟೀರಿ. ನಾ ಇನ್ನಾ ಉಸರಾಡಾಕತ್ತೇನಿ, ಅದು ನಿಮ್ಮ ಕಾಯ್ದೆಗೆ ಕಾಣವಲ್ದೇನ್ರಿ?"

ಚಹಾ ಮುಟ್ಟದೆ ಎದ್ದಳು.

ಗುಡಿ ಉಳಿಯಬೇಕು, ನನ್ನದೇನೂ ತಕರಾರಿಲ್ಲ. ಆದರೆ ಮನೆಯೊಳಗೆ ಬದುಕುವ ಹಕ್ಕನ್ನು, ಮನೆ ಬೀಳುವವರೆಗೆ ಕಾದು, ಬಿದ್ದ ಮೇಲೆ ಮೊಹರು ಒತ್ತಿ ಕೊಡುವುದಿದೆಯಲ್ಲ, ಅದನ್ನು ನ್ಯಾಯ ಅನ್ನಲು ನನ್ನ ನಾಲಗೆ ಹೊರಳುವುದಿಲ್ಲ. ಬೀಳಲು ಬಿಟ್ಟವರಿಗೆ ಒಂದು ಪ್ರಶ್ನೆಯಿಲ್ಲ. ಬೀಳಿಸಿಕೊಂಡವಳು ಮತ್ತೆ ಅರ್ಜಿ ಬರೆಯಬೇಕು.

ಊರ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ದೊಡ್ಡವ್ವ ಅಂದಳು:

"ಪಡಸಾಲಿ ಮಾಳಿಗಿ ಇನ್ನಾ ನಿಂತೈತಿ. ಈ ಸಲ ಯಾರ್ನೂ ಕೇಳಾಕ ಹೋಗಬ್ಯಾಡ ತಮ್ಮಾ. ಬುಟ್ಟಿ ಹಿಡಿ."

ಮಳೆಗೆ ಕೊಚ್ಚಿ ಹೋಗಿ ಉಳಿದಿದ್ದ ಹಳೇ ಗುಡ್ಡೆಯ ಮಣ್ಣೇ ಸಾಕಾಯಿತು. ಮರುದಿನ ನಡುಮಧ್ಯಾಹ್ನ, ಊರೆಲ್ಲ ನೋಡುವಂತೆ, ಏಣಿ ಹಾಕಿ ಹತ್ತಿದೆ. ಅವಳು ಕೆಳಗಿನಿಂದ ಬುಟ್ಟಿ ತುಂಬಿ ಕೊಟ್ಟಳು. ಗುಡಿಯ ಕಾವಲುಗಾರ ಗೋಡೆಯ ಆಚೆ ನಿಂತು ಮೊಬೈಲಿನಲ್ಲಿ ಫೋಟೊ ತೆಗೆಯತೊಡಗಿದ. ನಿಂತ ಮಾಳಿಗೆಗೆ ಸಲ್ಲುವ ಆದೇಶದ ಪ್ರತಿ ನನ್ನ ಕಿಸೆಯಲ್ಲೇ ಇತ್ತು. ತೆಗೆದು ತೋರಿಸಲಿಲ್ಲ. ಮುಖ ಸರಿಯಾಗಿ ಬೀಳಲೆಂದು ಅವನತ್ತ ತಿರುಗಿ, ಮಣ್ಣು ತುಳಿಯುತ್ತ ಹೋದೆ.