ಹಳ್ಳದ ದಾರಿಯ ಎರಡು ಕಲ್ಲು

ಅವರ ಬಲಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಯಾವುದೋ ಕಾಲದಲ್ಲಿ ಜಾಕ್ ಜಾರಿ ಕಿತ್ತು ಹೋಗಿತ್ತಂತೆ. ಉಗುರಿದ್ದ ಜಾಗ ಬೇಯಿಸಿದ ಹಲಸಿನ ಬೀಜದ ಹಾಗೆ ನುಣ್ಣಗಿತ್ತು. ಆ ಹೆಬ್ಬೆರಳನ್ನು ಟಯರಿನ ಮೇಲೆ ಊರಿ, ಕಿರುಬೆರಳನ್ನು ಮಡ್‌ಗಾರ್ಡಿಗೆ ಮುಟ್ಟಿಸಿ, ಗೇಣು ಹಾಕಿ ಗಾಡಿಯ ಎತ್ತರ ಅಳೆಯುತ್ತಿದ್ದರು. ಟೇಪು ಕಿಸೆಯಲ್ಲೇ ಇರುತ್ತಿತ್ತು. ಅದನ್ನು ಹೊರಗೆ ತೆಗೆದದ್ದು ನಾನು ನೋಡಿಲ್ಲ.

ಮೂಡಿಗೆರೆಯಲ್ಲಿ ಅವರ ಗ್ಯಾರೇಜು. ನಾವು ಗ್ಯಾರೇಜಿನವರು ಅಂತಲೇ ಕರೆಯುತ್ತಿದ್ದೆವು. ನಯವಾದ ಮಾತಿನ ಮನುಷ್ಯರಲ್ಲ. ತೋಟದ ಸಾಹುಕಾರರೇ ಬಂದರೂ ಗಾಡಿಯ ಅಡಿಯಿಂದ ಏಳುತ್ತಿರಲಿಲ್ಲ. ಕಾಲು ಹೊರಗೆ, ಮಾತು ಒಳಗಿನಿಂದ.

ಸಂತೆಯ ದಿನ ನಾವು ಕೂಲಿ ಮಾಡುವ ಕಾಫಿ ತೋಟದ ಪಿಕಪ್ ಅವರ ಗ್ಯಾರೇಜಿನ ಎದುರು ನಿಲ್ಲುತ್ತಿತ್ತು. ಉಳಿದ ಹೆಂಗಸರು ಸಂತೆಗೆ ಹೋದರೆ ಅವರ ಚೀಲ ಕಾಯುತ್ತ ನಾನು ಅಲ್ಲೇ ಕೂರುತ್ತಿದ್ದೆ. ವಯಸ್ಕರ ಶಾಲೆಯಲ್ಲಿ ನಾಲ್ಕು ಅಕ್ಷರ ಕಲಿತು ಅರ್ಧ ಮರೆತಿದ್ದೆ. ಬಿಡಿಭಾಗ ಸುತ್ತಿಕೊಂಡು ಬಂದ ಹಳೇ ಪೇಪರನ್ನು ಅವರು ಗಾಡಿಯ ಅಡಿಯಿಂದ ನನ್ನ ಕಡೆ ತಳ್ಳುತ್ತಿದ್ದರು.

"ಓದು ಮಾರಾಯ್ತಿ. ನನ್ನ ಕನ್ನಡಕ ಎಣ್ಣೆ ಆಗ್ತದೆ."

"ನಂಗೆ ಒತ್ತಕ್ಷರ ಬರಲ್ಲ."

"ಒತ್ತು ಬಿಟ್ಟು ಓದು. ನಾನು ಹಾಕ್ಕೊಳ್ತೇನೆ."

ಹೀಗೆ ಸಂತೆ ಸಂತೆಗೂ ಓದಿ ಓದಿ ಒತ್ತಕ್ಷರವೂ ಬಂತು. ಆ ಉಪಕಾರ ಅವರದು. ಅದನ್ನು ಎಂಥದಕ್ಕೆ ಬಳಸಿದೆ ಅಂತ ಮುಂದೆ ಹೇಳುತ್ತೇನೆ.

ಪಿಕಪ್ ಹಳೆಯದು. ಕಳಸದ ಕಡೆ ಯಾರೋ ಓಡಿಸಿ ಬಿಟ್ಟದ್ದನ್ನು ಸಾಹುಕಾರರು ತಂದಿದ್ದರು. ಬೆಳಿಗ್ಗೆ ಅದರಲ್ಲಿ ಹನ್ನೆರಡು ಹೆಂಗಸರು, ಸಂಜೆ ಕಾಫಿ ಹಣ್ಣಿನ ಮೂಟೆ, ಮೂಟೆಯ ಮೇಲೆ ಮತ್ತೆ ನಾವು. ಹೆಚ್ಚು ಭಾರ ಹೊರಲಿ ಅಂತ ಮುಂದಿನ ಎರಡೂ ಕಡೆ ಒಂದೊಂದು ಪ್ಲೇಟು ಜಾಸ್ತಿ ಹಾಕಿಸಿದ್ದರು. ಪ್ಲೇಟು ಅಂದರೆ ಬಿಲ್ಲಿನ ಹಾಗೆ ಬಗ್ಗಿದ ಉಕ್ಕಿನ ಪಟ್ಟಿ. ಒಂದರ ಮೇಲೊಂದು ಜೋಡಿಸಿ ಬೋಲ್ಟಿನಿಂದ ಬಿಗಿದಿರುತ್ತಾರೆ. ಜಾಸ್ತಿ ಹಾಕಿದರೆ ಗಾಡಿ ಎತ್ತರ ನಿಲ್ಲುತ್ತದೆ, ಆದರೆ ಬಗ್ಗುವುದಿಲ್ಲ. ಗುಂಡಿಗೆ ಇಳಿದರೆ ಏಟು ನೇರ ಕೂತವರ ಸೊಂಟಕ್ಕೆ. ತಿರುವಿನಲ್ಲಿ ಮೂತಿ ಅತ್ತ ಇತ್ತ ಹಾರುತ್ತಿತ್ತು. ನನ್ನ ತಂಗಿ ಅದರಲ್ಲಿ ಕೂತು ಕೂತು, ಇಳಿಯುವಾಗ ಇನ್ನೊಬ್ಬರ ಹೆಗಲು ಹಿಡಿಯುವ ಹಾಗಾಗಿದ್ದಳು.

ಒಂದು ಸಲ ಮುಂದಿನ ಬುಷ್, ಪ್ಲೇಟಿನ ತುದಿಯ ರಬ್ಬರು, ಪೂರ್ತಿ ಸವೆದು ಗಾಡಿ ಅವರ ಕೈಗೆ ಬಂತು. ಬುಷ್ ಬದಲಾಯಿಸಿದರೆ ಸಾಕು ಅಂತ ಸಾಹುಕಾರರು ಫೋನಿನಲ್ಲಿ ಹೇಳಿದ್ದರು. ಇವರು ಮುಂದಿನ ಭಾಗ ಪೂರ್ತಿ ಬಿಚ್ಚಿ ನೆಲದ ಮೇಲೆ ಹರವಿದರು. ಅಡಿಯಿಂದ ಎದ್ದು ಬಂದದ್ದು ನಾನು ಕಂಡಿದ್ದು ಅವತ್ತೇ ಮೊದಲು.

"ಹಿಂದೆ ಕೂರೋರು ಯಾರು?"

"ನಾವೇ."

"ಎಲ್ಲಿ ನೋಯ್ತದೆ?"

ಯಾರೂ ಹಾಗೆ ಕೇಳಿರಲಿಲ್ಲ. ತಂಗಿ ಸೊಂಟ ಮುಟ್ಟಿ ತೋರಿಸಿದಳು. ಅವರು ತಲೆ ಆಡಿಸಿ ಮತ್ತೆ ಗಾಡಿಯ ಅಡಿಗೆ ಹೋದರು.

ಜಾಸ್ತಿ ಹಾಕಿದ್ದ ಪ್ಲೇಟು ಎರಡೂ ತೆಗೆದರು. ಹೊಸ ಬುಷ್, ಹೊಸ ಪಿನ್ನು, ಏಟು ತಡೆಯುವ ಹೊಸ ಶಾಕ್ ಹಾಕಿದರು. ಜೋಡಿಸಿದ ಮೇಲೆ ಹನ್ನೆರಡೂ ಜನರನ್ನು ಹತ್ತಿ ಕೂರಲು ಹೇಳಿದರು.

"ಖಾಲಿ ಗಾಡಿ ಸುಳ್ಳು ಹೇಳ್ತದೆ. ತೂಕ ಕೂತ್ಮೇಲೆ ನೋಡ್ಬೇಕು."

"ಹನ್ನೆರಡು ಜನ ಅಂತ ಲೆಕ್ಕ, ತೂಕ ಹದಿನೈದರದ್ದು ಉಂಟು," ಅಂದ ಡ್ರೈವರು.

"ನಿನ್ನ ಹೆಂಡ್ತಿನೂ ಕರ್ಕೊಂಡು ಬಾ, ಇಪ್ಪತ್ತಾಗ್ತದೆ," ಅಂದಳು ತಂಗಿ.

ಎಲ್ಲರೂ ನಕ್ಕೆವು. ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತವರು ಗದರಿದರು. "ನಗ್ಬೇಡ್ರೇ, ಗಾಡಿ ಅಲ್ಲಾಡ್ತದೆ. ನನ್ನ ಗೇಣು ತಪ್ತದೆ."

ಗಾಡಿ ಮೊದಲಿಗಿಂತ ನಾಲ್ಕು ಬೆರಳು ಕೆಳಗೆ ಬಂದಿತ್ತು. ಅವತ್ತು ನಮ್ಮ ಜೊತೆ ಹಿಂದೆ ಕೂತು ತೋಟದವರೆಗೂ ಬಂದರು. ಕೆಲಸ ಮಾಡಿದ ಗಾಡಿಯಲ್ಲಿ ಮೊದಲ ಸಲ ಹಿಂದೆ ಕೂರುವುದು ಅವರ ಪದ್ಧತಿ. ತಂಗಿ ದಾರಿಯುದ್ದಕ್ಕೂ ಕೂತೇ ಇದ್ದಳು, ಒಂದು ಸಲವೂ ಸರಳು ಹಿಡಿದು ಏಳಲಿಲ್ಲ. ಹಳ್ಳ ದಾಟುವ ಕಡೆ ಮಾತ್ರ ಎರಡು ಕಲ್ಲಿಗೆ ಗಾಡಿಯ ಅಡಿ ಕರ್ರೆಂದಿತು. ಅವರು ಇಳಿದು ಆ ಕಲ್ಲುಗಳನ್ನು ಕಾಲಲ್ಲಿ ಒದ್ದು ನೋಡಿದರು.

"ಈ ಎರಡು ಕಲ್ಲು ಕಿತ್ತು ಹಾಕಿ. ಬೇರೆ ಏನೂ ಬೇಡ. ಗಾಡಿ ಎತ್ತರ ಮಾತ್ರ ಮುಟ್ಟಬೇಡಿ."

ತೆಗೆದ ಪ್ಲೇಟುಗಳನ್ನು ಅವರು ನಮಗೇ ಕೊಟ್ಟಿದ್ದರು. ಕುಲುಮೆಯಲ್ಲಿ ಬಡಿಸಿ ಕತ್ತಿ ಮಾಡಿಸಿಕೊಂಡೆವು. ನನ್ನದು ಈಗಲೂ ಇದೆ.

ಕಲ್ಲು ಯಾರೂ ಕೀಳಲಿಲ್ಲ. ದಾರಿ ರಿಪೇರಿ ನಮ್ಮ ಕೆಲಸವಲ್ಲ ಅಂದೆವು ನಾವು. ಡ್ರೈವರು ತನ್ನದಲ್ಲ ಅಂದ. ಅಡಿ ತಾಗುತ್ತದೆ ಅಂತ ದಿನಾ ನಮ್ಮನ್ನು ಹಳ್ಳದ ಹತ್ತಿರ ಇಳಿಸುತ್ತಿದ್ದ. ಏರು ಹತ್ತಿ ತೋಟ ಮುಟ್ಟುವಷ್ಟರಲ್ಲಿ ಹಾಜರಿ ಆಗಿರುತ್ತಿತ್ತು. ಹಾಜರಿ ಬರೆಯುವ ರೈಟ್ರು ಅರ್ಧ ದಿನ ಅಂತ ಹಾಕುತ್ತಿದ್ದರು. ಕೊನೆಗೆ ಒಂದು ದಿನ ನಾನೇ ಬಂಗಲೆಗೆ ಹೋದೆ. ಯಾರೂ ಕಳಿಸಲಿಲ್ಲ. ಬಾಯಿ ಜೋರು ಇದ್ದವಳು ನಾನು.

"ಗಾಡಿ ಮೊದ್ಲಿನ ಹಾಗೆ ಎತ್ತರ ಮಾಡ್ಸಿ ಸಾಹುಕಾರ್ರೇ. ನಮಗೆ ನಡೆಯೋಕಾಗಲ್ಲ."

"ನೋಡು, ನಾನು ಅವತ್ತೇ ಹೇಳಿದ್ದೆ," ಅಂದರು ಅವರು. ಅವರಿಗೆ ಬೇಕಾಗಿದ್ದೂ ಅದೇ. ಗಾಡಿ ತಗ್ಗಾದ ಮೇಲೆ ಮೂಟೆ ಕಮ್ಮಿ ಹಿಡಿಯುತ್ತಿತ್ತು.

ಬೇರೆ ಯಾರ ಕೈಯಲ್ಲೋ, ಇನ್ಯಾವುದೋ ಗಾಡಿಯ ಹಳೇ ಪ್ಲೇಟು ತಂದು ತುರುಕಿಸಿದರು. ಗಾಡಿ ಮತ್ತೆ ಎತ್ತರವಾಯಿತು. ನಾವು ಹಳ್ಳದಲ್ಲಿ ಇಳಿಯುವುದು ತಪ್ಪಿತು. ನಾನು ಗೆದ್ದೆ ಅಂದುಕೊಂಡೆ.

ಆ ಕೊಯ್ಲು ಮುಗಿಯುವುದರೊಳಗೆ ದೇವರಮನೆ ದಾರಿಯ ತಿರುವಿನಲ್ಲಿ, ಎಡಗಡೆ ತುರುಕಿದ್ದ ಪ್ಲೇಟು ಮುರಿದು ಗಾಡಿ ಮಗುಚಿತು. ಮೂಟೆಯ ಮೇಲೆ ಕೂತವರಲ್ಲಿ ನಾನು ಪೊದೆಗೆ ಬಿದ್ದೆ. ತಂಗಿ ಗಾಡಿಯ ಅಡಿಗೆ ಹೋದಳು.

ಮಣ್ಣು ಮಾಡಿ ಮೂರನೇ ದಿನ ರೈಟ್ರು, ತೋಟದವರು ಆಳುಗಳಿಗೆ ಕೊಟ್ಟ ಲೈನ್ ಮನೆಗೆ ಒಂದು ಕಾಗದ ತಂದರು. ಪೊಲೀಸರಿಗೆ ಕೊಡುವುದಕ್ಕೆ ಅಂದರು.

"ಒಂದು ಹೆಬ್ಬೆಟ್ಟು ಒತ್ತು, ಸಾಕು."

"ನಂಗೆ ಓದೋಕೆ ಬರ್ತದೆ," ಅಂದೆ.

ಕೂತು ಓದಿದೆ. ಒತ್ತಕ್ಷರ ಒಂದೂ ಬಿಡಲಿಲ್ಲ. ಗಾಡಿಯ ಮುಂದಿನ ಕೆಲಸ ಮಾಡಿದ್ದು ಮೂಡಿಗೆರೆಯ ಗ್ಯಾರೇಜಿನವರು, ಆಮೇಲೆ ಅದನ್ನು ಯಾರೂ ಬಿಚ್ಚಿಲ್ಲ, ಅಂತ ಬರೆದಿತ್ತು. ಅವರು ತೆಗೆದ ಪ್ಲೇಟು ಕತ್ತಿಯಾಗಿ ನನ್ನ ಬಾಗಿಲ ಸಂದಿಯಲ್ಲಿ ಸಿಕ್ಕಿಸಿತ್ತು. ಅದನ್ನು ನೋಡಿಕೊಂಡೇ ಹೆಸರು ಬರೆದುಕೊಟ್ಟೆ.

ಲೈನ್ ಮನೆ ಬಿಡಿಸುತ್ತಾರೆ ಅನ್ನುವ ಹೆದರಿಕೆ ಇತ್ತು. ಊರಿಗೆಲ್ಲ ಹಾಗೇ ಹೇಳಿದೆ, ಊರು ಒಪ್ಪಿತು. ಅದು ಅರ್ಧ ಮಾತ್ರ. ನಿಜ ಹೇಳಿದರೆ ಪ್ಲೇಟು ಮತ್ತೆ ಹಾಕಿಸಲು ಕೇಳಿದ್ದು ಯಾರು ಅಂತ ಬರುತ್ತಿತ್ತು. ತಂಗಿಯ ಮಕ್ಕಳು ಅಲ್ಲೇ ಕೂತಿದ್ದರು.

ಗ್ಯಾರೇಜಿನವರನ್ನು ಠಾಣೆಗೆ ಕರೆಸಿದರು, ಬಿಟ್ಟರು, ಮತ್ತೆ ಕರೆಸಿದರು. ತೋಟಗಳ ಜೀಪುಗಳು ಅವರ ಗ್ಯಾರೇಜಿಗೆ ಹೋಗುವುದು ನಿಂತಿತು. ಹೆಂಗಸನ್ನು ಕೊಂದ ಮೆಕ್ಯಾನಿಕ್ ಅಂತ ಮಲ್ಲಂದೂರಿನವರೆಗೂ ಸುದ್ದಿ ಹೋಯಿತು. ಗ್ಯಾರೇಜು ಮುಚ್ಚಿ ಮನೆಯ ಮುಂದೆ ಗೇಟು ವೆಲ್ಡಿಂಗ್ ಮಾಡಿಕೊಂಡಿದ್ದರು.

ಒಂದೇ ಸಲ ಎದುರು ಸಿಕ್ಕರು, ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ. ತಪ್ಪಿಸಿಕೊಳ್ಳಲು ಜಾಗ ಇರಲಿಲ್ಲ. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಆ ಕಾಗದ ಓದಿದ್ಯಾ?"

"ಓದಿದೆ."

"ಪೂರ್ತಿ?"

"ಪೂರ್ತಿ."

"ಓದಿ ಹೆಸರು ಹಾಕಿದ್ಯಾ?"

ನಾನು ತಲೆ ಆಡಿಸಿದೆ. ಅವರು ಉಗುರಿಲ್ಲದ ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡರು, ಎಣ್ಣೆ ಇಲ್ಲದಿದ್ದರೂ. ಕಳಸದ ಬಸ್ಸು ಬಂತು. ಹತ್ತಿ ಹೋದರು.

ಎಷ್ಟೋ ವರ್ಷದ ಮೇಲೆ, ಹೋದ ಮಳೆಗಾಲದಲ್ಲಿ ತೀರಿಕೊಂಡರು. ನಾನು ಹೋಗಲಿಲ್ಲ. ಅವರ ಹೆಂಡತಿಯ ಎದುರು ನಿಲ್ಲುವ ಮುಖ ನನಗಿಲ್ಲ. ಇದನ್ನು ಬರೆದದ್ದು ಅವರು ಕಲಿಸಿದ ಅಕ್ಷರದಲ್ಲಿ. ಪೊಲೀಸರು ಕೇಳಿದರೆ ಇದನ್ನೂ ಕೊಡುತ್ತೇನೆ. ಈಗ ಯಾರು ಕೇಳುತ್ತಾರೆ.

ಅವರು ಹೋದ ಸುದ್ದಿ ಬಂದ ಮಾರನೇ ಬೆಳಿಗ್ಗೆ ಹಾರೆ ತೆಗೆದುಕೊಂಡು ಹಳ್ಳಕ್ಕೆ ಹೋದೆ. ಏನು ಮಾಡ್ತೀಯ ಅಂತ ಕೇಳಿಕೊಂಡು, ಆಗ ಅದೇ ಗಾಡಿಯಲ್ಲಿ ಕೂರುತ್ತಿದ್ದ ಇನ್ನಿಬ್ಬರು ಬಂದರು. ಕಲ್ಲಿನ ಬುಡದ ಬೇರನ್ನು ನಾನು ಆ ಕತ್ತಿಯಲ್ಲಿ ಕಡಿದೆ, ಅವರಿಬ್ಬರು ಮೀಟಿದರು. ಎರಡೂ ಕಲ್ಲು ಉರುಳಿ ಹಳ್ಳಕ್ಕೆ ಬಿದ್ದವು. ಮೂವರು ಮುದುಕಿಯರು. ಹತ್ತು ಗಂಟೆಯ ಚಹಾಕ್ಕೆ ಮೊದಲೇ ಮುಗಿಯಿತು.