ಪೊಲೀಸನ ತಾಯಿ ನ್ಯಾಗೊಂಡ್ವೆ

ಲುಸೇವ ಊರಿನ ಲಾರಿ ನಿಲ್ದಾಣದ ಪಕ್ಕದಲ್ಲಿ ಚಹಾ ಕಾಯಿಸಿ, ಬಾಣಲೆಯಲ್ಲಿ ಮಂದಾಸಿ ಎಂಬ ಸಿಹಿ ಹಿಟ್ಟಿನ ಉಂಡೆ ಕರಿದು ಮಾರುತ್ತಿದ್ದ ನ್ಯಾಗೊಂಡ್ವೆಗೆ ಊರವರು ಇಟ್ಟಿದ್ದ ಹೆಸರು ಮಂದಾಸಿ ಅಮ್ಮ. ಗಂಡ ಮೀನು ಹಿಡಿಯಲು ಹೋಗಿ ಸರೋವರದ ಪಾಲಾದ ಮೇಲೆ ಅದೇ ಬಾಣಲೆಯಿಂದ ಮಗನನ್ನು ಓದಿಸಿದಳು. ಮಗ ವಿಟುಂಬಿಕೊ ಪೊಲೀಸ್ ಕೆಲಸಕ್ಕೆ ಸೇರಿ, ತರಬೇತಿ ಮುಗಿಸಿ ಹುಟ್ಟಿದೂರಿನ ಠಾಣೆಗೇ ಬಂದಾಗ ಅವಳ ಹೆಸರು ಪೊಲೀಸನ ತಾಯಿ ಎಂದಾಯಿತು. ಮೊದಮೊದಲು ಆ ಹೆಸರಿನಲ್ಲಿ ಮರ್ಯಾದೆ ಇತ್ತು. ಚರ್ಚಿನಲ್ಲಿ ಹೆಂಗಸರು ಸರಿದು ಜಾಗ ಕೊಡುತ್ತಿದ್ದರು. ಸೆಕಾನಿ ಸತ್ತ ಮೇಲೆ ಅದೇ ಹೆಸರನ್ನು ಜನ ಉಗುಳಿದ ಹಾಗೆ ಹೇಳತೊಡಗಿದರು.

ಸೆಕಾನಿ ನ್ಯಾಚಿರ್ವಾಳ ಮೊಮ್ಮಗಳು. ಏಳು ವರ್ಷದ ಹುಡುಗಿ, ಮುಂದಿನ ಹಲ್ಲು ಬಿದ್ದಿತ್ತು. ತಾಯಿ ಜೋಹಾನ್ಸ್‌ಬರ್ಗ್‌ನಲ್ಲಿ ಯಾರದೋ ಮನೆಯ ಮಕ್ಕಳನ್ನು ನೋಡಿಕೊಂಡಿದ್ದಳು. ಮಗು ಅಜ್ಜಿಯ ಬಳಿ ಬೆಳೆಯುತ್ತಿತ್ತು. ನ್ಯಾಚಿರ್ವಾ ಮತ್ತು ನ್ಯಾಗೊಂಡ್ವೆ ಚರ್ಚಿನ ಹಾಡಿನ ತಂಡದಲ್ಲಿ ಪಕ್ಕಪಕ್ಕ ನಿಲ್ಲುವವರು, ಒಂದೇ ವರ್ಷ ಮದುವೆಯಾಗಿ ಈ ಊರಿಗೆ ಬಂದವರು, ಒಬ್ಬರನ್ನೊಬ್ಬರು ಬೈಯುವಷ್ಟು ಸಲಿಗೆ ಇದ್ದವರು.

ಒಂದು ಮಧ್ಯಾಹ್ನ ಸೆಕಾನಿ ಸಾರಿಗೆ ಒಣ ಮೀನು ತರಲು ದಡಕ್ಕೆ ಹೋದವಳು ಮನೆಗೆ ಬರಲಿಲ್ಲ. ಊರೆಲ್ಲ ಹುಡುಕಿತು. ಮರುದಿನ ಬೆಳಿಗ್ಗೆ ತೊರೆಯ ಆಚೆಯ ಮರಗೆಣಸಿನ ಹೊಲದಲ್ಲಿ, ಗಿಡಗಳ ಸಾಲಿನ ನಡುವೆ, ಸೌದೆಗೆ ಹೋದ ಹೆಂಗಸರಿಗೆ ಹೆಣವಾಗಿ ಸಿಕ್ಕಳು. ಹೇಗಿದ್ದಳು ಎಂದು ನೋಡಿದವರು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಠಾಣೆಯ ಮುಖ್ಯಾಧಿಕಾರಿ ವಿಟುಂಬಿಕೊನನ್ನು ಸೈಕಲ್ ಮೇಲೆ ಓಡಿಸಿದ. ಯಾರೂ ಹತ್ತಿರ ಹೋಗದ ಹಾಗೆ ನೋಡಿಕೋ, ಡಾಕ್ಟರು ಬಂದು ಪರೀಕ್ಷೆ ಮಾಡುವವರೆಗೆ ಮುಟ್ಟಬಾರದು ಎಂದ. ಡಾಕ್ಟರು ಇದ್ದದ್ದು ಜಿಲ್ಲೆಯ ಊರಿನಲ್ಲಿ. ಅವರನ್ನು ಕರೆತರಬೇಕಾದ ಠಾಣೆಯ ಒಂದೇ ಗಾಡಿಯಲ್ಲಿ ಡೀಸೆಲ್ ಇರಲಿಲ್ಲ. ಡೀಸೆಲ್ ಹಾಕಿಸಿಕೊಡಿ ಎಂದು ಮಗು ಕಳೆದುಕೊಂಡವರನ್ನೇ ಕೇಳಿದರು. ಯಾರೋ ಹೋಗಿ ಕ್ಯಾನಿನಲ್ಲಿ ತಂದರು. ಅಷ್ಟಾದರೂ ಗಾಡಿ ಹೊರಡಲಿಲ್ಲ, ಚಾಲಕ ಸಿಗಲಿಲ್ಲ.

ಬಿಸಿಲು ಏರಿತು. ವಿಟುಂಬಿಕೊ ಎರಡೂ ಕೈ ಚಾಚಿ ಜನರನ್ನು ತಡೆದು ನಿಂತಿದ್ದ. ಫೋನ್ ಮಾಡಿದಾಗೆಲ್ಲ ಆ ಕಡೆಯಿಂದ "ಬರ್ತಿದೀವಿ" ಎಂಬ ಉತ್ತರ. ನ್ಯಾಚಿರ್ವಾ ಮಣ್ಣಿನ ಮೇಲೆ ಕಾಲು ಚಾಚಿ ಕುಳಿತು ಬಟ್ಟೆಯ ತುದಿಯಿಂದ ಮೊಮ್ಮಗಳ ಕಡೆಗೆ ಬೀಸುತ್ತಿದ್ದಳು. ಅಷ್ಟು ದೂರದಿಂದ ಬೀಸಿದರೆ ನೊಣ ಏಳುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಅವಳಿಗೆ ನಿಲ್ಲಿಸು ಅನ್ನಲಿಲ್ಲ.

ಹೊತ್ತು ಇಳಿಯುವ ವೇಳೆಗೆ ಅವಳು ಬೀಸುವುದನ್ನು ಬಿಟ್ಟು, "ನನ್ನ ಕೈಲಿ ಆಗಲ್ಲ. ಮಗೂನ ಮನೆಗೆ ಕರ್ಕೊಂಡು ಹೋಗ್ತೀನಿ," ಎಂದು ಎದ್ದಳು. ಹೆಂಗಸರೆಲ್ಲ ಎದ್ದರು. ಎಲ್ಲರಿಗಿಂತ ಮುಂದೆ ನ್ಯಾಗೊಂಡ್ವೆ ನಡೆದಳು, ಅಡ್ಡ ನಿಂತಿದ್ದವನು ತನ್ನ ಮಗ ಎಂಬ ಕಾರಣಕ್ಕೆ.

"ಪಕ್ಕಕ್ಕೆ ಸರಿ."

"ಅಮ್ಮಾ, ಆರ್ಡರ್ ಇದೆ."

"ಆರ್ಡರ್ ಕೊಟ್ಟೋರು ಎಲ್ಲವ್ರೆ? ಕರಿ, ಅವ್ರ ಹತ್ರಾನೇ ಮಾತಾಡ್ತೀನಿ."

"ಅಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ."

"ಕಾಲಿಗೆ ಬೀಳ್ಬೇಡ ಕಂದಾ. ಆ ಕಡೆ ತಿರುಗಿ ನಿಂತ್ಕೋ."

ಅವನು ತಿರುಗಿ ನಿಂತ. ಹೆಂಗಸರು ಮಗುವನ್ನು ಚಾಪೆಯಲ್ಲಿ ಎತ್ತಿಕೊಂಡು ಬಂದು, ಅಜ್ಜಿಯ ಮನೆಯ ಒಳಕೋಣೆಯಲ್ಲಿ ಬೆಚ್ಚಗಿನ ನೀರಿನಿಂದ ತೊಳೆದರು. ಉಗುರಿನ ಸಂದಿಯ ಮಣ್ಣನ್ನೂ ಬಿಡಲಿಲ್ಲ. ಎಣ್ಣೆ ಹಚ್ಚಿ, ಹೊಸ ಬಟ್ಟೆ ಸುತ್ತಿದರು. ತೊಟ್ಟಿದ್ದ ಅಂಗಿಯನ್ನು ಯಾರೋ ಒಲೆಗೆ ಹಾಕಿದರು. ಯಾರು ಎಂಬುದು ಆಮೇಲೆ ಯಾರಿಗೂ ನೆನಪಾಗಲಿಲ್ಲ. ಸಂಜೆ ಡಾಕ್ಟರು ಬಂದಾಗ ಮಗು ನಿದ್ದೆ ಹೋದಂತೆ ಮಲಗಿತ್ತು. ಡಾಕ್ಟರು ಬಾಗಿಲಲ್ಲೇ ನಿಂತು, "ಇನ್ನು ನಾನು ನೋಡೋದು ಏನಿದೆ?" ಎಂದರು. ಆದರೂ ಕೂತು ನೋಡಿದರು. ಕತ್ತು ಹಿಸುಕಿದ್ದಾರೆ ಎಂದಷ್ಟೇ ಬರೆದುಕೊಂಡು ಹೋದರು.

ಆಮೇಲೆ ಆಚೆ ದಡದ ಒಬ್ಬ ಮೀನು ವ್ಯಾಪಾರಿಯನ್ನು ಹಿಡಿದರು. ಚೆನ್ನಾಗಿ ಹೊಡೆದರು. ಅವನ ವಿರುದ್ಧ ಏನೂ ಸಿಗದೆ ಬಿಟ್ಟರು. ಕುಂಟುತ್ತ ದೋಣಿ ಹತ್ತಿ ಹೋದವನು ಮತ್ತೆ ಲುಸೇವದ ಸಂತೆಗೆ ಕಾಲಿಡಲಿಲ್ಲ. ಅಲ್ಲಿಗೆ ಪೊಲೀಸರ ಕೆಲಸ ನಿಂತಿತು, ಜನರ ಮಾತು ಶುರುವಾಯಿತು.

ಜಿಲ್ಲೆಯ ರೇಡಿಯೋದಲ್ಲಿ ವಾರಕ್ಕೊಮ್ಮೆ ಜನ ಫೋನ್ ಮಾಡಿ ಮಾತಾಡುವ ಕಾರ್ಯಕ್ರಮ ಇತ್ತು. ಗೊಬ್ಬರ ಸಿಗದ್ದು, ಸೇತುವೆ ಕುಸಿದದ್ದು ಎಲ್ಲ ಬದಿಗೆ ಸರಿದು, ಸೆಕಾನಿಯ ವಿಷಯವೊಂದೇ ಉಳಿಯಿತು. ನ್ಯಾಗೊಂಡ್ವೆಯ ಅಂಗಡಿಯ ಗೂಟಕ್ಕೆ ನೇತುಹಾಕಿದ್ದ ರೇಡಿಯೋದ ಸುತ್ತ ಜನ ಚಹಾ ಹಿಡಿದು ಕೂರುತ್ತಿದ್ದರು. ಸೈಕಲ್ಲಿನಲ್ಲಿ ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಹೋಗುವ ವೆಡ್‌ಸನ್ ಅವರಲ್ಲಿ ದೊಡ್ಡ ಬಾಯಿಯವನು.

"ಅಮ್ಮಾ, ಎರಡು ಮಂದಾಸಿ ಕೊಡು. ನೀನೇ ಕೈಯಾರೆ ಕೊಡು ಮತ್ತೆ. ನಿನ್ನ ಮಗನ ಕೈಗೆ ಕೊಟ್ರೆ ಅದೂ ಸಾಕ್ಷಿ ಇಲ್ದೆ ಮಾಯ ಆಗುತ್ತೆ!"

"ನಿನ್ನ ಬಾಯಿಗೆ ಬಿದ್ದದ್ದು ಯಾವತ್ತು ವಾಪಸ್ ಸಿಕ್ಕಿದೆಯೋ? ಸುಮ್ನೆ ತಿನ್ನು."

ಜನ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಮೊದಲ ಕೆಲವು ತಿಂಗಳು ಹೀಗೆ ಮಾತಿಗೆ ಮಾತು ಕೊಟ್ಟಳು. ಬರಬರುತ್ತ ಉತ್ತರ ಹುಡುಕುವುದೇ ಬೇಸರವಾಗಿ, ಕೇಳದವಳ ಹಾಗೆ ಹಿಟ್ಟು ಕಲಸುತ್ತ ಕೂತಳು.

ಒಂದು ವಾರ ರೇಡಿಯೋದಲ್ಲಿ ಯಾರೋ ಗಂಡಸು, "ಹೆಣ ತೊಳೆಯಲು ಬಿಟ್ಟ ಆ ಪೊಲೀಸನನ್ನೇ ಜೈಲಿಗೆ ಹಾಕಬೇಕು, ಕೊಲೆಗಾರನಿಗೆ ದಾರಿ ಮಾಡಿಕೊಟ್ಟವನು ಅವನೇ," ಎಂದು ಅಬ್ಬರಿಸಿದ. ಅಂಗಡಿಯ ಬೆಂಚಿನ ಮೇಲಿದ್ದ ಇಬ್ಬರು ಹೆಂಗಸರು ತಲೆಯಾಡಿಸಿದರು. ಒಬ್ಬಳು, "ಅದೇ ನೋಡು, ಅಷ್ಟು ಓದಿಕೊಂಡೋನು ಹೆಂಗೆ ಬಿಟ್ಟ?" ಎಂದಳು. ಮಗುವನ್ನು ತೊಳೆದ ದಿನ ಬಿಸಿನೀರಿನ ಪಾತ್ರೆ ಹಿಡಿದವಳು ಅವಳೇ. ನ್ಯಾಗೊಂಡ್ವೆ ತಲೆಯೆತ್ತಿ ಅವಳನ್ನು ನೋಡಿದಳು. ಆ ಹೆಂಗಸು ಚಹಾದ ಲೋಟ ನೋಡಿದಳು.

ವಿಟುಂಬಿಕೊ ಮನೆಗೆ ಬಂದರೆ ಮೆಕ್ಕೆಜೋಳದ ಹಿಟ್ಟಿನ ಸಿಮದ ಮುದ್ದೆ ಮುರಿದು ಮೀನಿನ ಸಾರಿಗೆ ಅದ್ದಿ ತಿಂದು, ಬೂಟು ಒರೆಸಿಕೊಂಡು ಹೋಗುವನು. ಠಾಣೆಯ ಮಾತು ಆಡುತ್ತಿರಲಿಲ್ಲ. ಒಂದು ದಿನ ಮಾತ್ರ ಕೇಳಿದ, "ಅಮ್ಮಾ, ನಾನು ಪಕ್ಕಕ್ಕೆ ಸರೀದೆ ನಿಂತಿದ್ರೆ?"

"ನಿಂತಿದ್ರೆ ನಿನ್ನ ತುಳ್ಕೊಂಡು ಹೋಗ್ತಿದ್ವಿ."

"ತುಳೀಬೇಕಿತ್ತು. ನಾನು ನಿಂತಿದ್ದೆ ಅಂತಾದ್ರೂ ಹೇಳ್ಬಹುದಿತ್ತು."

ಅವಳು ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು. ಅವನು ತಿನ್ನದೆ ಎದ್ದ.

ಮಾತು ಜಾಸ್ತಿಯಾದ ಮೇಲೆ ಮೇಲಿನ ಕಚೇರಿಯಿಂದ ಒಬ್ಬ ದೊಡ್ಡ ಅಧಿಕಾರಿ ಬಂದ. ಶಾಲೆಯ ಬಯಲಿನಲ್ಲಿ ಸಭೆ. ಅಧಿಕಾರಿಗೂ ಊರ ಮುಖಂಡರಿಗೂ ಕುರ್ಚಿ, ಉಳಿದವರಿಗೆ ನೆಲ. ಡೀಸೆಲ್ ಎಲ್ಲಿ ಹೋಯಿತು, ಚಾಲಕ ಎಲ್ಲಿದ್ದ, ಹೊಡೆಸಿಕೊಂಡ ವ್ಯಾಪಾರಿಗೆ ಯಾರು ಉತ್ತರ ಕೊಡುತ್ತಾರೆ ಎಂದು ಜನ ಒಬ್ಬರ ಮೇಲೊಬ್ಬರು ಬಿದ್ದು ಕೇಳಿದರು. ಅಧಿಕಾರಿ ಎಲ್ಲದಕ್ಕೂ "ವಿಚಾರಿಸ್ತೀವಿ" ಎಂದ. ಕೊನೆಗೆ ತಾಳ್ಮೆ ಕೆಟ್ಟು, "ಸಾಕ್ಷ್ಯ ನಾಶ ಮಾಡಿದ್ದು ನಾವಲ್ಲ, ನೀವು. ನಿಮ್ಮ ಹೆಂಗಸರು ಹೆಣ ತೊಳೆದಿದ್ದಾರೆ," ಎಂದುಬಿಟ್ಟ.

ಬಯಲು ಬೆಂಕಿಯಾಯಿತು. "ಸುಳ್ಳು! ನಮ್ಮ ಹೆಂಗಸರು ಮುಟ್ಟೇ ಇಲ್ಲ!" ಎಂದು ವೆಡ್‌ಸನ್ ಎದ್ದು ಕೂಗಿದ. ಹಿಂದಿನಿಂದ ಇನ್ನಷ್ಟು ಜನ ಕೂಗಿದರು. ಮಗುವನ್ನು ತೊಳೆಯಲು ತಮ್ಮ ಅಂಗಳದಿಂದಲೇ ನೀರು ಹೋಗಿದ್ದನ್ನು ಕಂಡವರೂ ಕೂಗಿದರು.

ನ್ಯಾಗೊಂಡ್ವೆಗೆ ಎದ್ದು ಮಾತಾಡುವ ಮನಸ್ಸಿರಲಿಲ್ಲ. ಮಂಡಿ ನೋಯುತ್ತಿತ್ತು, ಬೆಳಗಿನಿಂದ ಒಲೆಯ ಮುಂದೆ ಕೂತು ಬಂದಿದ್ದಳು. ಆದರೆ ಆ ಸುಳ್ಳಿನ ಸದ್ದು ಕೇಳುತ್ತ ಕೂರುವುದು ಅದಕ್ಕಿಂತ ಕಷ್ಟವಾಗಿತ್ತು. ಪಕ್ಕದವಳ ಭುಜ ಹಿಡಿದು ಎದ್ದಳು.

"ಮುಟ್ಟಿದೀವಿ," ಎಂದಳು. ಸದ್ದು ಅಡಗಲಿಲ್ಲ. ಮತ್ತೆ ಹೇಳಿದಳು. "ಮುಟ್ಟಿದೀವಿ ಅಂದೆ! ಇದು ಊರಿಗೆಲ್ಲ ಗೊತ್ತು, ಬಾಯಿ ಮುಚ್ಚೋ ವೆಡ್‌ಸನ್. ಕಾಲು ತೊಳೆದವಳು ನಾನು. ಉಳಿದೋರ ಹೆಸರು ಹೇಳಲ್ಲ, ಅವರಿಗೇ ಗೊತ್ತು." ಆಮೇಲೆ ಅಧಿಕಾರಿಯ ಕಡೆ ತಿರುಗಿದಳು. "ಸ್ವಾಮೀ, ಬೆಳಿಗ್ಗೆಯಿಂದ ಸಂಜೆವರೆಗೆ ಮಗು ಬಿಸಿಲಲ್ಲಿತ್ತು. ನಿಮ್ಮ ಗಾಡಿ ಬರ್ಲಿಲ್ಲ. ಅಲ್ಲಿ ನಿಮ್ಮ ಕಡೆಯಿಂದ ಇದ್ದಿದ್ದು ಒಬ್ಬನೇ ಹುಡುಗ. ಅವನು ನಾನು ಹೆತ್ತೋನು, ಅದಕ್ಕೇ ನನ್ನ ಮಾತು ಕೇಳ್ದ. ನೀವು ಬಂದಿದ್ರೆ ನಿಮ್ಮ ಮಾತು ನಾವು ಕೇಳ್ತಿದ್ವಿ."

ಅಧಿಕಾರಿ ಮುಂದಿನ ಸಾಲಿನಲ್ಲಿದ್ದ ನ್ಯಾಚಿರ್ವಾಳನ್ನು ಮೆಲುದನಿಯಲ್ಲಿ ಕೇಳಿದ, "ಅಜ್ಜೀ, ಕೊಲೆಗಾರ ಸಿಗೋದು ಕಷ್ಟ ಆಗುತ್ತೆ ಅಂತ ಗೊತ್ತಿದ್ರೆ ತೊಳೀತಿದ್ರಾ?"

ನ್ಯಾಚಿರ್ವಾ ಹೇಳಿದಳು, "ಗೊತ್ತಿಲ್ಲ ಮಗಾ. ದಿನಾ ಬೆಳಿಗ್ಗೆ ಎದ್ದು ಅದನ್ನೇ ಕೇಳ್ಕೊಳ್ತೀನಿ. ನಿಮ್ಮೋರು ಹೊತ್ತಿಗೆ ಸರಿಯಾಗಿ ಬಂದಿದ್ರೆ ನನಗೆ ಈ ಪ್ರಶ್ನೆ ಇರ್ತಿರ್ಲಿಲ್ಲ."

ಸಭೆ ಮುಗಿಯಿತು. ಅಧಿಕಾರಿಯ ಗಾಡಿ ಧೂಳೆಬ್ಬಿಸಿ ಹೋಯಿತು. ಸತ್ಯ ಹೇಳಿದರೆ ಮಾತು ತಣ್ಣಗಾಗುತ್ತದೆ ಎಂದು ನ್ಯಾಗೊಂಡ್ವೆ ಅಂದುಕೊಂಡಿದ್ದಳು. ಹಾಗಾಗಲಿಲ್ಲ. ಮಾತು ದಿಕ್ಕು ಬದಲಿಸಿತು, ಅಷ್ಟೆ. ಮುಂದಿನ ವಾರ ರೇಡಿಯೋದಲ್ಲಿ ಯಾರೋ ಹೆಂಗಸು, "ಅಜ್ಜಿಗೆ ಯಾಕೆ ಅಷ್ಟು ಅವಸರ? ಅವಳಿಗೇ ಏನೋ ಗೊತ್ತಿರಬೇಕು," ಎಂದಳು. ಅದರ ಮುಂದಿನ ವಾರ ಇನ್ನೊಬ್ಬ, ಮಗುವನ್ನು ಅಜ್ಜಿಗೆ ಬಿಟ್ಟು ಹೋದ ತಾಯಿಯನ್ನು ಮಾತಿಗೆ ಎಳೆದ.

ಅವತ್ತು ನ್ಯಾಗೊಂಡ್ವೆ ಗೂಟದಿಂದ ರೇಡಿಯೋ ಇಳಿಸಿ ಹಿಟ್ಟಿನ ಚೀಲದ ಹಿಂದೆ ಇಟ್ಟಳು.

"ರೇಡಿಯೋ ಹಾಕಮ್ಮಾ, ಇವತ್ತು ದೊಡ್ಡ ವಕೀಲರು ಮಾತಾಡ್ತಾರಂತೆ," ಎಂದ ವೆಡ್‌ಸನ್.

"ಸೆಲ್ ಮುಗಿದಿದೆ."

"ಮೊನ್ನೆ ತಾನೇ ಹೊಸದು ಹಾಕ್ದೆಯಲ್ಲ, ನಾನೇ ನೋಡಿದೀನಿ."

"ಅದಕ್ಕೂ ಸುಸ್ತಾಗಿದೆ ಕಣಪ್ಪಾ."

ವೆಡ್‌ಸನ್ ನಗಲು ಹೋಗಿ ಅವಳ ಮುಖ ನೋಡಿ ಬಿಟ್ಟ. ಚಹಾ ಮುಗಿಸಿ, ರಸ್ತೆಯಾಚೆ ರೇಡಿಯೋ ಇದ್ದ ಅಂಗಡಿಗೆ ಹೋದ. ಅವನ ಹಿಂದೆ ಹಲವರು ಹೋದರು. ವ್ಯಾಪಾರ ಕುಗ್ಗಿತು. ಅವಳು ಹಿಟ್ಟು ಕಡಿಮೆ ಕಲಸತೊಡಗಿದಳು.

ವಿಟುಂಬಿಕೊನನ್ನು ದೇಶದ ದಕ್ಷಿಣದ ತುದಿಗೆ ವರ್ಗ ಮಾಡಿದರು. ಠಾಣೆಯ ಮುಖ್ಯಾಧಿಕಾರಿಗೆ ಇದಕ್ಕಿಂತ ದೊಡ್ಡ ಊರು ಸಿಕ್ಕಿತು. ಹೊರಡುವ ದಿನ ಮಗ ಬಸ್ಸಿನ ಕಿಟಕಿಯಿಂದ, "ಅಲ್ಲಿ ಸೆಖೆ ಜಾಸ್ತಿಯಂತಮ್ಮಾ," ಎಂದ. "ನೀರು ಕುಡೀತಿರು," ಎಂದಳು. ಅವನು ಅಲ್ಲೇ ಮದುವೆಯಾದ. ತನ್ನ ಠಾಣೆಗೆ ಮಕ್ಕಳ ವಿಷಯ ಬಂದರೆ ಊಟ ಬಿಟ್ಟು ಓಡುತ್ತಾನೆ ಎಂದು ಸೊಸೆ ಫೋನಿನಲ್ಲಿ ದೂರುತ್ತಾಳೆ.

ನ್ಯಾಚಿರ್ವಾ ಹಾಡಿನ ತಂಡ ಬಿಟ್ಟಳು. ಅವಳ ಅಂಗಳಕ್ಕೆ ಬರುವವರು ಕಡಿಮೆಯಾದರು. ನ್ಯಾಗೊಂಡ್ವೆ ಮಂದಾಸಿ ಖಾಲಿಯಾದ ಮೇಲೆ, ಆಗದಿದ್ದರೆ ಉಳಿದದ್ದನ್ನು ಕಟ್ಟಿಕೊಂಡು, ಅಲ್ಲಿಗೆ ಹೋಗುತ್ತಾಳೆ. ಇಬ್ಬರೂ ಕೂತು ಮರಗೆಣಸಿನ ಸಿಪ್ಪೆ ಬಿಡಿಸಿ ನೆನೆಹಾಕುತ್ತಾರೆ. ಮಗುವಿನ ತಾಯಿ ಜೋಹಾನ್ಸ್‌ಬರ್ಗ್‌ನಿಂದ ಫೋನ್ ಮಾಡಿ, "ಏನಾದ್ರೂ ಗೊತ್ತಾಯ್ತಾ?" ಎಂದು ಕೇಳುತ್ತಾಳೆ. ಇಲ್ಲ ಎನ್ನುವುದು ನ್ಯಾಚಿರ್ವಾಳಿಗೆ ಸಾಕಾದ ದಿನ ನ್ಯಾಗೊಂಡ್ವೆ ಫೋನ್ ತೆಗೆದುಕೊಂಡು ತಾನೇ ಹೇಳುತ್ತಾಳೆ.

ಠಾಣೆಗೆ ಹೊಸಬರು ಬಂದಾಗೆಲ್ಲ ಪ್ರಕರಣ ಮತ್ತೆ ತೆರೆಯುತ್ತದೆ. ಮೊದಲು ಬಂದವನು ನಿಂತೇ ಕೇಳಿ ಹೋದ. ಎರಡನೆಯವನು ಹಳೆಯ ಕಾಗದಗಳು ಸಿಗುತ್ತಿಲ್ಲ ಎಂದ. ಈಚೆಗೆ ಬಂದವಳು ಒಬ್ಬ ಹುಡುಗಿ, ಇನ್‌ಸ್ಪೆಕ್ಟರ್. ಬೂಟು ಹೊರಗೆ ಬಿಟ್ಟು, ಮಂಡಿಯೂರಿ ನಮಸ್ಕರಿಸಿ, ಚಾಪೆಯ ಮೇಲೆ ಕೂತಳು.

"ಅಜ್ಜೀ, ತೊಂದರೆ ಕೊಡ್ತಿದೀನಿ. ಮೊದಲಿಂದ ಒಂದ್ಸಲ ಹೇಳ್ತೀರಾ?"

ನ್ಯಾಚಿರ್ವಾ ಚಾಕು ಕೆಳಗಿಟ್ಟು ಗೋಡೆಗೆ ಒರಗಿದಳು. "ನ್ಯಾಗೊಂಡ್ವೆ, ಇವತ್ತು ನೀನೇ ಹೇಳೇ. ನನ್ನ ಕೈಲಿ ಆಗಲ್ಲ."

ನ್ಯಾಗೊಂಡ್ವೆ ಸೊಂಟಕ್ಕೆ ಸುತ್ತಿದ್ದ ಬಟ್ಟೆಗೆ ಕೈ ಒರೆಸಿಕೊಂಡಳು. ಈ ಹುಡುಗಿಯಿಂದಲೂ ಏನಾದೀತು ಎಂಬ ನಂಬಿಕೆ ಅವಳಿಗೆ ಇರಲಿಲ್ಲ. ಆದರೆ ಬೂಟು ಬಿಟ್ಟು ಕೂತವಳಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

"ಅವತ್ತು ಮಧ್ಯಾಹ್ನ ಸಾರಿಗೆ ಮೀನಿರ್ಲಿಲ್ಲ," ಎಂದು ಶುರು ಮಾಡಿದಳು. "ಮಗೂನ ದಡಕ್ಕೆ ಕಳಿಸಿದ್ವಿ. ಹಳದಿ ಅಂಗಿ ಹಾಕ್ಕೊಂಡಿತ್ತು..."

"ಹಳದಿ ಅಲ್ಲ," ಎಂದಳು ನ್ಯಾಚಿರ್ವಾ ಕಣ್ಣು ಮುಚ್ಚಿಕೊಂಡೇ. "ಕಿತ್ತಳೆ ಬಣ್ಣ. ಒಗೆದೂ ಒಗೆದೂ ಹಳದಿ ಹಂಗೆ ಕಾಣ್ತಿತ್ತು."

"ಹೌದು, ಕಿತ್ತಳೆ," ಎಂದು ನ್ಯಾಗೊಂಡ್ವೆ ತಿದ್ದಿಕೊಂಡು ಮುಂದುವರಿಸಿದಳು.