ಗೋಡೆಯ ಬುಡದ ಕೂಸು

ಆ ತೊಡೆಯೆಲುಬು ನನ್ನ ಕಿರುಬೆರಳಿನಷ್ಟೇ ಇತ್ತು. ಇಂಗ್ಲೆಂಡಿನ ಅಕ್ಸ್‌ಬ್ರಿಡ್ಜ್ ಹತ್ತಿರದ ಹಳ್ಳಿಯೊಂದರಲ್ಲಿ ರೋಮನ್ನರ ಕಾಲದ ಮನೆ ಅಗೆಯುತ್ತಿದ್ದರು. ಆ ಊರಿನ ಇತಿಹಾಸ ಬರೆಯುತ್ತಿರುವ ಮೊಮ್ಮಗಳು ಮೇಘಾ ನನ್ನನ್ನೂ ಕರೆದೊಯ್ದಿದ್ದಳು. ಗೋಡೆಯ ಬುಡದಲ್ಲಿ ಹಸುಗೂಸೊಂದು ಮುದುಡಿ ಮಲಗಿತ್ತು.

ಮೇಘಾ ತನ್ನ ಅರೆಬರೆ ಕನ್ನಡದಲ್ಲಿ ಹೇಳಿದಳು: "ದೊಡ್ಡವರನ್ನೆಲ್ಲ ಸುಟ್ಟು, ಬೂದಿ ಗಡಿಗೆಯಲ್ಲಿ ಇಟ್ಟಿದ್ದಾರೆ ಅಜ್ಜಿ. ಬೇಬಿ ಮಾತ್ರ ಇಲ್ಲಿ. ಅಮ್ಮನೇ ಕೊಂದು ಹೈಡ್ ಮಾಡಿರಬೇಕು." ವಹಿಯಲ್ಲೂ ಹಾಗೇ ಬರೆದುಕೊಂಡಿದ್ದಳಂತೆ.

ನನಗೆ ತಡೆಯಲಾಗಲಿಲ್ಲ. "ಏ ಹುಚ್ಚಿ, ಹಲ್ಲು ಮೂಡದ ಕೂಸನ್ನ ಯಾರರ ಸುಡ್ತಾರೇನ? ನಮ್ಮಲ್ಲೂ ಮಣ್ಣಿಗೇ ಕೊಡ್ತೀವಿ. ನನ್ನ ಚೊಚ್ಚಲ ಕೂಸನ್ನ ನಮ್ಮತ್ತಿ ಹಿತ್ತಲ ಗೋಡಿ ಬುಡಕ್ಕ ಇಟ್ರು. ತಾಯಿ ಹತ್ರ ಇರಲಿ ಅಂತ."

ಧಾರವಾಡದ ಆ ಹಿತ್ತಲ ಮಾತನ್ನು ನಾನು ಮಗನಿಗೂ ಹೇಳಿದವಳಲ್ಲ. ಮೇಘಾ ವಹಿ ತೆಗೆದು ತಾನು ಬರೆದ ಆ ಸಾಲನ್ನು ಹೊಡೆದು ಹಾಕಿದಳು. ಮಣ್ಣು ಮೆತ್ತಿದ ಕೈಯಲ್ಲೇ ನನ್ನ ಕೈ ಹಿಡಿದು, "ನಿನ್ನ ಬೇಬಿ ಹೆಸರೇನು ಅಜ್ಜಿ?" ಎಂದಳು.

"ತೊಟ್ಟಿಲಿಗೆ ಹಾಕೂ ಮೊದಲ ಹೋತವ್ವಾ. ಹೆಸರಿಡಲಿಲ್ಲ."

ನಾಲ್ಕನೇ ಇಯತ್ತೆ ಓದಿದ ಅಜ್ಜಿಯ ಮಾತು ಆ ಹಳ್ಳಿಯ ಇತಿಹಾಸದಲ್ಲಿ ಸೇರಿದೆ ಎಂದು ಮೇಘಾ ಹಿಗ್ಗುತ್ತಾಳೆ. ನನ್ನ ಹಿಗ್ಗು ಬೇರೆಯೇ. ಐವತ್ತು ವರ್ಷದಲ್ಲಿ ನನ್ನ ಕೂಸಿನ ಹೆಸರು ಕೇಳಿದ ಮೊದಲ ಜೀವ ನನ್ನ ಮೊಮ್ಮಗಳು. ಅಳುತ್ತಳುತ್ತಲೇ ಎದೆ ತುಂಬಿ ಬಂತು, ಇನ್ನೂ ಇಳಿದಿಲ್ಲ.